ಪೂಜೆ ಡಬ್ಬಿಯ ರೋಮನ್ ಕಾಸು: ಅಸಲಿಯೋ ನಕಲಿಯೋ ಹೇಳೋದು ಹೇಗೆ?

ಹನೂರು ಕಡೆಯ ನನ್ನ ಸೋದರಮಾವ ಫೋನ್ ಮಾಡಿದರೆ ಸಾಮಾನ್ಯವಾಗಿ ವಿಷಯ ಮಳೆ, ಮುಸುಕಿನ ಜೋಳದ ರೇಟು, ಇಲ್ಲಾಂದ್ರೆ ಯಾರದೋ ಮದುವೆ. ಈ ಸಲ ಹಾಗಾಗಲಿಲ್ಲ. "ಅಳಿಯ, ನೀನು ಇಂಜಿನಿಯರ್ ಓದಿದವನು ತಾನೆ? ನಮ್ಮನೇಲಿ ಒಂದು ಹಳೇ ಕಾಸು ಅದ. ಬೆಲೆ ಕಟ್ಟಾಕೆ ಬತ್ತದಾ ನಿಂಗೆ?" ಅಂದರು. ನಾನು ಓದಿದ್ದು ಮೆಕ್ಯಾನಿಕಲ್, ಮಾಡ್ತಿರೋದು ಬರೆಯುವ ಕೆಲಸ, ಎರಡಕ್ಕೂ ಕಾಸಿಗೂ ಸಂಬಂಧ ಇಲ್ಲ ಅಂತ ಹೇಳುವಷ್ಟರಲ್ಲೇ ವಾಟ್ಸಾಪಿಗೆ ಎರಡು ಫೋಟೊ ಬಂದವು.

ಮೊದಲನೆಯದರಲ್ಲಿ ಸವೆದ ಬೆಳ್ಳಿ ಬಿಲ್ಲೆ. ಬಲಕ್ಕೆ ತಿರುಗಿದ ಒಂದು ತಲೆ, ಉದ್ದ ಮೂಗು, ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಇಂಗ್ಲಿಷ್ ತರಹದ ಅಕ್ಷರ. ಎರಡನೆಯದು ಯಾರೋ ಕಳಿಸಿದ್ದ ಮೆಸೇಜಿನ ಸ್ಕ್ರೀನ್‌ಶಾಟ್. ಇದು ಎರಡು ಸಾವಿರ ವರ್ಷದ ರೋಮನ್ ನಾಣ್ಯ, ನಮ್ಮ ಕಂಪನಿ 12 ಲಕ್ಷ ಕೊಡುತ್ತದೆ, ಅದಕ್ಕೂ ಮೊದಲು ಸರ್ಕಾರದ ಎನ್‌ಒಸಿಗಾಗಿ 18,500 ರೂಪಾಯಿ ಕಟ್ಟಬೇಕು. ಮಾವನ ಮಗಳು ಆಗಷ್ಟೇ ಪಿಯುಸಿ ಮುಗಿಸಿ ಡಿಗ್ರಿಗೆ ಸೇರಬೇಕಿತ್ತು. ಅತ್ತೆಯ ಓಲೆ ಅಡ ಇಡುವ ಮಾತು ಮನೆಯಲ್ಲಿ ಆಗಲೇ ನಡೆದಿತ್ತು.

ಆ 18,500ರ ವಿಷಯ ಮೊದಲು ಮುಗಿಸಿಬಿಡ್ತೀನಿ, ಯಾಕಂದ್ರೆ ಅದಕ್ಕೆ ಯಾವ ಪರೀಕ್ಷೆಯೂ ಬೇಕಿಲ್ಲ. ಹಳೆಯ ನೋಟು, ನಾಣ್ಯ ಕೊಳ್ಳುವ ನೆಪದಲ್ಲಿ ತನ್ನ ಹೆಸರು, ಲಾಂಛನ ಬಳಸಿ ಶುಲ್ಕ, ಕಮಿಷನ್, ತೆರಿಗೆ ಅಂತ ಹಣ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ. ಕೊಳ್ಳುವವನು ಮಾರುವವನಿಂದಲೇ ಮುಂಗಡ ಕೇಳಿದರೆ ಅವನು ನಾಣ್ಯದ ವ್ಯಾಪಾರಿ ಅಲ್ಲ. ದುಡ್ಡು ಹೋಗಿಬಿಟ್ಟಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಮಾವನಿಗೂ ಇದನ್ನೇ ಹೇಳಿದೆ. ಅವರು ಒಪ್ಪಿದರು, ಆದರೆ ಒಂದು ಪ್ರಶ್ನೆ ಉಳಿಸಿಕೊಂಡರು: "ಅಂವ ಕಳ್ಳ ಇರಬಹ್ದು. ಕಾಸು ಕಳ್ಳ ಅಂತ ಯಂಗೆ ಯೋಳ್ತೀಯ?"

ಮಾತು ಸರಿಯಾಗಿತ್ತು. ಕಳ್ಳ ಹೇಳಿದ ಮಾತ್ರಕ್ಕೆ ಅದು ಸುಳ್ಳಾಗಬೇಕಿಲ್ಲ. ಆ ವಾರದ ಕೊನೆಗೆ 0.01 ಗ್ರಾಂವರೆಗೆ ತೂಗುವ ಒಂದು ಪುಟ್ಟ ಡಿಜಿಟಲ್ ತಕ್ಕಡಿ, ಒಂದು ಭೂತಗನ್ನಡಿ, ಒಂದು ನೂಲಿನುಂಡೆ ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದೆ.

ಹನೂರಿಗೆ ರೋಮ್ ಎಲ್ಲಿಂದ ಬಂತು?

ಊರು ಕೇಳಿದ ಕೂಡಲೇ ನಗುವವರಿದ್ದಾರೆ. ನಗಬೇಡಿ. ಕೊಳ್ಳೇಗಾಲ ತಾಲ್ಲೂಕು (ಹನೂರು ಆಗ ಅದರೊಳಗೇ ಇತ್ತು) 1956ರ ನವೆಂಬರ್ 1ರವರೆಗೆ ಮೈಸೂರಿಗೆ ಸೇರಿರಲಿಲ್ಲ. ಅದು ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ಭಾಗ. ಪಕ್ಕದ ಯಳಂದೂರು ಮಾತ್ರ ಮೈಸೂರು ಸೀಮೆಯದು, ದಿವಾನ್ ಪೂರ್ಣಯ್ಯನವರ ಜಹಗೀರು. ಇಡೀ ಭಾರತದಲ್ಲಿ ರೋಮನ್ ಬೆಳ್ಳಿ ನಾಣ್ಯ ರಾಶಿ ರಾಶಿಯಾಗಿ ಸಿಕ್ಕಿರುವ ಪ್ರದೇಶ ಯಾವುದು ಅಂತ ಕೇಳಿದರೆ ಮೊದಲು ಬರುವ ಹೆಸರೇ ಕೊಯಮತ್ತೂರು. ಆ ಊರಿನ ಪಕ್ಕದ ವೆಳ್ಳಲೂರಿನಲ್ಲಿ 1842ರಲ್ಲಿ ಒಂದೇ ಸಲ 522 ನಾಣ್ಯ ಸಿಕ್ಕವು. ಆಮೇಲೂ ಅಲ್ಲಿ ಸಿಗುತ್ತಲೇ ಹೋದವು. ಮಲಬಾರಿನ ಮುಜಿರಿಸ್ ಬಂದರಿನಲ್ಲಿ ಇಳಿದ ಹಣ ಪಾಲಕ್ಕಾಡ್ ಕಣಿವೆ ದಾಟಿ ಕರೂರಿನ ಕಡೆಗೆ, ಕಾವೇರಿಯ ಕಡೆಗೆ ಹರಿಯುತ್ತಿತ್ತು. ಹಡಗಿನಲ್ಲಿ ಚಿನ್ನ ಬಂದು ಮೆಣಸು ಹೋಗುತ್ತಿದ್ದದ್ದನ್ನು ತಮಿಳಿನ ಸಂಗಂ ಕವಿಗಳೂ ಬರೆದಿದ್ದಾರೆ. ಅತ್ತ ರೋಮಿನಲ್ಲಿ ಪ್ಲಿನಿ, ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಭಾರತಕ್ಕೆ ಸೋರಿಹೋಗುತ್ತಿದೆ ಅಂತ ಗೊಣಗಿದ್ದಾನೆ. ಆಮದು ಜಾಸ್ತಿಯಾಯ್ತು, ವಿದೇಶಿ ವಿನಿಮಯ ಖಾಲಿಯಾಯ್ತು ಅನ್ನುವ ಅಳಲು ಇವತ್ತಿನದೇನಲ್ಲ.

ಮೈಸೂರು ಸೀಮೆಯಲ್ಲೂ ಕಡಿಮೆಯಿಲ್ಲ. 1891ರಲ್ಲಿ ಯಶವಂತಪುರದಲ್ಲಿ 163 ಬೆಳ್ಳಿ ನಾಣ್ಯ, 1965ರಲ್ಲಿ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ಜಾಗದಲ್ಲಿ 256. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅವರು ಉತ್ಖನನ ಮಾಡಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲೇ ಅಗೆದಾಗ ಶಾತವಾಹನರ ಕಾಲದ ಪದರದಲ್ಲಿ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿತು. ಈ ಚಂದ್ರವಳ್ಳಿಯ ನಾಣ್ಯವನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಅದಕ್ಕೆ ವಾಪಸ್ ಬರ್ತೀನಿ.

ಇಲ್ಲಿ ಸಿಕ್ಕ ಬೆಳ್ಳಿ ನಾಣ್ಯಗಳಲ್ಲಿ ಒಂದು ವಿಚಿತ್ರ ಏಕತಾನ ಇದೆ. ಬಹುಪಾಲು ಇಬ್ಬರೇ ಚಕ್ರವರ್ತಿಗಳವು: ಅಗಸ್ಟಸ್ ಮತ್ತು ಟೈಬೀರಿಯಸ್. ಅದರಲ್ಲೂ ಎರಡೇ ಬಗೆ. ಅಗಸ್ಟಸ್‌ನದರಲ್ಲಿ ಅವನ ಮೊಮ್ಮಕ್ಕಳಾದ ಗಾಯಸ್, ಲೂಸಿಯಸ್ ಗುರಾಣಿ ಹಿಡಿದು ನಿಂತಿರುತ್ತಾರೆ. ಟೈಬೀರಿಯಸ್‌ನದರಲ್ಲಿ ಒಬ್ಬ ಹೆಂಗಸು ಪೀಠದ ಮೇಲೆ ಕೂತಿರುತ್ತಾಳೆ. ಕ್ರಿ.ಶ. 64ರಲ್ಲಿ ನೀರೋ ದಿನಾರಿಯಸ್‌ನ ತೂಕ ಇಳಿಸಿದ, ಬೆಳ್ಳಿಯ ಪಾಲನ್ನೂ ಇಳಿಸಿದ. ನಮ್ಮ ವರ್ತಕರು ದಡ್ಡರಲ್ಲ, ಹಳೆಯದನ್ನೇ ಬಯಸಿದರು. ನೀರೋ ನಂತರದ ಬೆಳ್ಳಿ ದಿನಾರಿಯಸ್ ದಕ್ಷಿಣದಲ್ಲಿ ಸಿಗುವುದು ತೀರಾ ಅಪರೂಪ. ಹಾಗಾಗಿ ಯಾರಾದರೂ "ನಮ್ಮ ಹೊಲದಲ್ಲಿ ಸಿಕ್ಕಿದ್ದು" ಅಂತ ಕ್ರಿ.ಶ. 200ರ ಬೆಳ್ಳಿ ನಾಣ್ಯ ತೋರಿಸಿದರೆ ನಾಣ್ಯಕ್ಕಿಂತ ಮೊದಲು ಆ ಕಥೆಯನ್ನು ಅನುಮಾನಿಸಬೇಕು. ಮಾವನ ಕಾಸಿನ ಹಿಂಬದಿಯಲ್ಲಿ ಕೂತ ಹೆಂಗಸಿನ ನೆರಳು ಫೋಟೊದಲ್ಲೇ ಕಾಣುತ್ತಿತ್ತು. ಒಳ್ಳೆಯ ಲಕ್ಷಣ. ಕೆಟ್ಟ ಲಕ್ಷಣವೂ ಹೌದು. ಬೈಬಲಿನಲ್ಲಿ ಯೇಸುವಿಗೆ ತೋರಿಸಿದ ತೆರಿಗೆಯ ನಾಣ್ಯ ಇದೇ ಅಂತ ಜಗತ್ತಿನಾದ್ಯಂತ ನಂಬಿಕೆ ಇರೋದರಿಂದ ಇದಕ್ಕೆ ಗಿರಾಕಿ ಜಾಸ್ತಿ. ಗಿರಾಕಿ ಇದ್ದಲ್ಲಿ ನಕಲಿಯೂ ಇರುತ್ತೆ.

ಲೋಟ, ನೂಲು ಮತ್ತು ಆರ್ಕಿಮಿಡಿಸ್

ಮಾವನ ಮನೆಯಲ್ಲಿ ಕಾಸು ಇದ್ದದ್ದು ದೇವರ ಮನೆಯ ತಗಡಿನ ಡಬ್ಬಿಯಲ್ಲಿ, ಮಾದಪ್ಪನ ವಿಭೂತಿ ಗಟ್ಟಿಯ ಪಕ್ಕ. ತೂಗಿದೆ: 3.62 ಗ್ರಾಂ. ಅಡ್ಡಳತೆ 18 ಮಿಲಿಮೀಟರ್ ಚಿಲ್ಲರೆ. ನೀರೋಗಿಂತ ಮುಂಚೆ ಹೊಸ ದಿನಾರಿಯಸ್ ಸುಮಾರು 3.8ರಿಂದ 3.9 ಗ್ರಾಂ ತೂಗುತ್ತಿತ್ತು. ಸವೆದದ್ದು 3.6ಕ್ಕೆ ಇಳಿದಿದ್ದರೆ ಆಶ್ಚರ್ಯವಿಲ್ಲ. ಇಷ್ಟು ಸವೆದ ನಾಣ್ಯ 4.3 ತೂಗಿದ್ದರೆ ಅಲ್ಲೇ ತಕ್ಕಡಿ ಮಡಚಿಡಬಹುದಿತ್ತು. ಸವೆತ ತೂಕವನ್ನು ಕಳೆಯುತ್ತೆ, ಕೂಡಿಸಲ್ಲ.

ಆಮೇಲೆ ಸಾಂದ್ರತೆ. ಇದನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳ್ತೀನಿ. ತಕ್ಕಡಿಯ ಮೇಲೆ ಒಂದು ಹಗುರ ಪ್ಲಾಸ್ಟಿಕ್ ಲೋಟ ಇಟ್ಟು ಅರ್ಧ ನೀರು ತುಂಬಿ, ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ನೂಲಿಗೆ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ, ಆದರೆ ತಳಕ್ಕೂ ಪಕ್ಕಕ್ಕೂ ತಾಗದ ಹಾಗೆ ಕೈಯಲ್ಲೇ ತೂಗಾಡಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಅಂಕಿ ನಾಣ್ಯದ ತೂಕವಲ್ಲ, ಅದು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಗಾಳಿಯಲ್ಲಿನ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ. ನೀರಿಗೆ ಒಂದೇ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ಗಾಳಿಗುಳ್ಳೆ ಅಂಟಲ್ಲ.

ನನಗೆ ಬಂದದ್ದು 0.35. ಅಂದರೆ 3.62 ಭಾಗಿಸು 0.35, ಸುಮಾರು 10.3. ಶುದ್ಧ ಬೆಳ್ಳಿ 10.49, ತಾಮ್ರ 8.96, ಹಿತ್ತಾಳೆ 8.5ರ ಆಸುಪಾಸು, ತವರ 7.3. ಬೆಳ್ಳಿ ಅನ್ನಲು ಅಡ್ಡಿಯಿಲ್ಲ. ಆದರೆ ತಕ್ಕಡಿ 0.01 ತಪ್ಪಿದರೂ ಉತ್ತರ 10.06ರಿಂದ 10.65ರವರೆಗೆ ಓಡಾಡುತ್ತೆ. ಹತ್ತು ಸಲ ಮಾಡಿದೆ. ಮಾವನ ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಏಳು ಸಲ 0.35, ಎರಡು ಸಲ 0.34, ಒಂದು ಸಲ 0.36. ಕಾಲೇಜಿನಲ್ಲಿ ನಾಲ್ಕು ವರ್ಷ ಲ್ಯಾಬ್ ರೆಕಾರ್ಡ್ ಬರೆದಿದ್ದೀನಿ, ಅಂಕಿ ತಿದ್ದದೆ ಬರೆದ ನೆನಪು ಕಡಿಮೆ. ಇದು ಆ ಕಡಿಮೆಯಲ್ಲಿ ಒಂದು.

ಹೋಲಿಕೆಗೆ ಇನ್ನೊಂದು ನಾಣ್ಯ ಇತ್ತು. ಕೊಳ್ಳೇಗಾಲದ ನನ್ನ ಗೆಳೆಯನೊಬ್ಬ, ರೇಷ್ಮೆ ಸೀರೆ ವ್ಯಾಪಾರದ ಮನೆಯವನು, ಆನ್‌ಲೈನಿನಲ್ಲಿ 3,500 ಕೊಟ್ಟು ಇದೇ ಟೈಬೀರಿಯಸ್ ನಾಣ್ಯ ಕೊಂಡಿದ್ದ. ಅದು 3.05 ಗ್ರಾಂ, ನೀರು ತಳ್ಳಿದ್ದು 0.42. ಉತ್ತರ 7.3ರ ಸನಿಹ. ತವರ ಬೆರೆತ ಬಿಳಿ ಲೋಹ. ಅವನು ಐದು ನಿಮಿಷ ಮಾತಾಡಲಿಲ್ಲ, ಆಮೇಲೆ ಕಾಫಿ ಕೊಡಿಸಿದ.

ಇಲ್ಲೊಂದು ತರ್ಕ ಗಮನಿಸಿ, ಇಡೀ ಲೇಖನದ ತಿರುಳು ಇದೇ. ಗೆಳೆಯನ ನಾಣ್ಯ ನಕಲಿ ಅಂತ ಒಂದು ಲೋಟ ನೀರು ಖಚಿತವಾಗಿ ಹೇಳಿತು. ಮಾವನದು ಅಸಲಿ ಅಂತ ಅದೇ ಲೋಟ ಹೇಳಲಿಲ್ಲ, ಹೇಳಲು ಆಗುವುದೂ ಇಲ್ಲ. ಇವತ್ತಿನ ಬೆಳ್ಳಿಯಲ್ಲಿ ಇಂದೇ ಅಚ್ಚು ಹೊಡೆದರೂ ಸಾಂದ್ರತೆ ಅಷ್ಟೇ ಬರುತ್ತೆ. ಪರೀಕ್ಷೆಗಳು ನಾಣ್ಯವನ್ನು ಫೇಲ್ ಮಾಡಬಲ್ಲವು, ಪಾಸ್ ಮಾಡಲಾರವು. ಹಾಗಾಗಿ ಒಂದರ ಹಿಂದೊಂದು ಪರೀಕ್ಷೆ ಒಡ್ಡುತ್ತಾ ಹೋಗಬೇಕು, ಎಲ್ಲಿ ಬೀಳುತ್ತೆ ಅಂತ ಕಾಯಬೇಕು.

ಸವೆತ ಸುಳ್ಳು ಹೇಳುವ ಬಗೆ

ಹೊಸದರಂತಿರುವ ನಾಣ್ಯದ ನಕಲನ್ನು ಹಿಡಿಯೋದು ಒಂದು ಲೆಕ್ಕಕ್ಕೆ ಸುಲಭ. ಸವೆದದ್ದು ಕಷ್ಟ, ಯಾಕಂದ್ರೆ ಸಾಕ್ಷಿಯೇ ಅಳಿಸಿಹೋಗಿರುತ್ತೆ. ನಕಲು ಮಾಡುವವನಿಗೆ ಇದು ಗೊತ್ತು, ಅದಕ್ಕೇ ಅವನು ಬೇಕಂತಲೇ ಸವೆಸುತ್ತಾನೆ.

ರೋಮನ್ನರು ನಾಣ್ಯವನ್ನು ಎರಕ ಹೊಯ್ಯುತ್ತಿರಲಿಲ್ಲ. ಬೆಳ್ಳಿಯ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಹೊಡೆತಕ್ಕೆ ಲೋಹ ನಡುವಿನಿಂದ ಅಂಚಿಗೆ ಹರಿಯುತ್ತೆ. ಅದರ ಸಣ್ಣ ಗೆರೆಗಳು ಅಕ್ಷರಗಳ ಸುತ್ತ ಉಳಿಯುತ್ತವೆ, ಅಂಚಿನಲ್ಲಿ ಕೆಲವೊಮ್ಮೆ ಬಿರುಕು ಬಿಡುತ್ತೆ. ಅಗ್ಗದ ನಕಲುಗಳು ಬಹುತೇಕ ಎರಕದವು. ಎರಕದಲ್ಲಿ ಅಂಚಿನ ಸುತ್ತ ಜೋಡಣೆಯ ಗೆರೆ ಇರುತ್ತೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತಿರುತ್ತೆ. ಮೈಮೇಲೆ ಸೂಜಿಮೊನೆಯಂಥ ಗುಳಿಗಳಿರುತ್ತವೆ. ಗೆಳೆಯನ ನಾಣ್ಯದಲ್ಲಿ ಎರಡೂ ಇದ್ದವು, ಕೊಳ್ಳುವಾಗ ಅಂಚನ್ನು ಯಾರೂ ನೋಡಲ್ಲ ಅಷ್ಟೇ.

ಅದಕ್ಕಿಂತ ಮುಖ್ಯ, ಯಾವುದು ಸವೆದಿದೆ ಅನ್ನೋದು. ಕೈಯಿಂದ ಕೈಗೆ ಓಡಾಡಿದ ನಾಣ್ಯದಲ್ಲಿ ಎತ್ತರದ ಜಾಗ ಮೊದಲು ಹೋಗುತ್ತೆ: ಕೆನ್ನೆ, ಕಿವಿಯ ಮೇಲಿನ ಕೂದಲು, ಹಿಂಬದಿಯಲ್ಲಿ ಕೂತವಳ ಮೊಣಕಾಲು. ತಗ್ಗಿನ ಜಾಗ ಉಳಿಯುತ್ತೆ: ಕಣ್ಣಿನ ಮೂಲೆ, ಕತ್ತಿನ ಕೆಳಗಿನ ಸಂದು, ಅಕ್ಷರದ ಬುಡ. ಸವೆದಷ್ಟೂ ಎತ್ತರ ತಗ್ಗಿನ ಅಂತರ ಕಡಿಮೆಯಾಗುತ್ತೆ ಹೊರತು ಉಳಿದ ತಗ್ಗಿನ ಅಂಚು ಚೂಪಾಗೇ ಇರುತ್ತೆ. ಎರಕದ ನಕಲಿಯಲ್ಲಿ ಹಾಗಲ್ಲ. ಎತ್ತರವೂ ತಗ್ಗೂ ಒಂದೇ ಸಮ ಮಂಕಾಗಿ, ಬಿಸಿಲಿಗೆ ಕರಗಿದ ಬೆಲ್ಲದ ಅಚ್ಚಿನ ಹಾಗಿರುತ್ತೆ. ಫೋನಿನ ಟಾರ್ಚನ್ನು ನೇರವಾಗಿ ಹಿಡಿಯಬೇಡಿ, ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಡಿ. ಆಗ ಅಳಿಸಿಹೋದ ಅಕ್ಷರವೂ ನೆರಳಾಗಿ ಏಳುತ್ತೆ.

ಮಾವನ ಕಾಸಿನಲ್ಲಿ ಹಾಗೆ ಎದ್ದದ್ದು ಮುಂಬದಿಯಲ್ಲಿ ನಾಲ್ಕು ಅಕ್ಷರ, ಹಿಂಬದಿಯಲ್ಲಿ ಮೂರು. ಅಸಲಿ ನಾಣ್ಯದ ಮುಂಬದಿಯ ಬರಹದ ಅರ್ಥ, ದೇವರಾದ ಅಗಸ್ಟಸ್‌ನ ಮಗ ಟೈಬೀರಿಯಸ್ ಸೀಸರ್ ಅಗಸ್ಟಸ್ ಅಂತ. ಹಿಂಬದಿಯಲ್ಲಿ ಪಾಂಟಿಫ್ ಮ್ಯಾಕ್ಸಿಮ್, ಅಂದರೆ ಮಹಾ ಪುರೋಹಿತ. ರೋಮನ್ ಬರಹದಲ್ಲಿ 'ಯು' ಅಕ್ಷರ ಇಲ್ಲ, ಆ ಜಾಗದಲ್ಲಿ 'ವಿ' ಬರೆಯುತ್ತಿದ್ದರು. ತೀರಾ ಪೆದ್ದ ನಕಲಿಗಳು 'ಯು' ಕೆತ್ತಿ ಸಿಕ್ಕಿಬೀಳುತ್ತವೆ. ಮಾವನದರಲ್ಲಿ 'ವಿ' ಸ್ಪಷ್ಟವಾಗಿತ್ತು.

ಆದರೆ ಅಕ್ಷರ ತಪ್ಪಿದ್ದ ಮಾತ್ರಕ್ಕೆ ಬಿಸಾಡಬೇಡಿ. ಈ ನಾಣ್ಯಗಳನ್ನು ಆ ಕಾಲದ ಭಾರತೀಯರೇ ನಕಲು ಮಾಡಿದ್ದಾರೆ, ಲ್ಯಾಟಿನ್ ಬಾರದ ಕಮ್ಮಾರ ಅಕ್ಷರದ ಜಾಗದಲ್ಲಿ ಬರೀ ಗೀಟು ಎಳೆದಿದ್ದಾನೆ. ತೆಲಂಗಾಣದ ಕೊಂಡಾಪುರದಲ್ಲಿ ಸುಟ್ಟ ಮಣ್ಣಿನಲ್ಲಿ ಮಾಡಿದ ಟೈಬೀರಿಯಸ್ ಬಿಲ್ಲೆಗಳೇ ಸಿಕ್ಕಿವೆ, ಕತ್ತಿಗೆ ಹಾಕಿಕೊಳ್ಳಲು. ಆ ಕಾಲದ ನಕಲಿ ಈ ಕಾಲಕ್ಕೆ ಅಸಲಿ ಪುರಾವೆ. ರೋಮಿನಲ್ಲೂ ತಾಮ್ರದ ತಿರುಳಿಗೆ ಬೆಳ್ಳಿ ತಗಡು ಹೊದಿಸಿ ವಂಚಿಸುವವರು ಇದ್ದರು.

ಆ ವಂಚನೆ ಪತ್ತೆಗೆ ನಮ್ಮವರು ಕಂಡುಕೊಂಡ ಉಪಾಯ ಉಳಿ. ನಾಣ್ಯದ ಮೇಲೊಂದು ಕೊರೆತ ಹಾಕಿ ಒಳಗೆ ಕೆಂಪು ಕಾಣುತ್ತಾ ಅಂತ ನೋಡುವುದು. ಚಿನ್ನದ ನಾಣ್ಯಗಳಲ್ಲಿ ಇನ್ನೊಂದು ಬಗೆ ಇದೆ. 1898ರಲ್ಲಿ ಪುದುಕ್ಕೋಟ್ಟೈನಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನ ಮೇಲೆ ಚಕ್ರವರ್ತಿಯ ಮುಖಕ್ಕೇ ಉಳಿಯೇಟು ಬಿದ್ದಿದೆ. ಅವು ಮತ್ತೆ ನಾಣ್ಯವಾಗಿ ಚಲಾವಣೆಯಾಗದಿರಲಿ ಅಂತ ಮಾಡಿದ್ದು ಅನ್ನುವುದು ಪ್ರಬಲ ವಾದ. ಹೊರದೇಶದ ಸಂಗ್ರಾಹಕರಿಗೆ ಇಂಥ ಗಾಯ ಊನ, ನಮಗೆ ಅದೇ ವಿಳಾಸ. ಮಾವನ ಕಾಸಿನ ಕತ್ತಿನ ಮೇಲೆ ಎರಡು ಮಿಲಿಮೀಟರಿನ ಒಂದು ಹಳೆಯ ಕೊರೆತ ಇತ್ತು. ಭೂತಗನ್ನಡಿಯಲ್ಲಿ ನೋಡಿದೆ: ಒಳಗೂ ಬೂದು ಬೆಳ್ಳಿ, ಸಂದಿಯಲ್ಲಿ ಗಟ್ಟಿಯಾಗಿ ಕೂತ ಕೊಳೆ. ಕೆಂಪು ಇಲ್ಲ.

ಇಷ್ಟೆಲ್ಲ ಆದ ಮೇಲೆ ಅತ್ತೆ ಒಂದು ಮಾತು ಹೇಳಿದರು. ಪ್ರತಿ ಆಯುಧಪೂಜೆಗೆ ದೇವರ ಸಾಮಾನಿನ ಜೊತೆ ಈ ಕಾಸನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಾರಂತೆ, ಮದುವೆಯಾಗಿ ಬಂದಾಗಿನಿಂದ. ನನ್ನ ಸವೆತದ ಸಿದ್ಧಾಂತಕ್ಕೆ ಅರ್ಧ ನೀರು ಬಿತ್ತು. ಕೆನ್ನೆ ನುಣುಪಾಗಿರೋದು ರೋಮಿನ ಸಂತೆಯಿಂದಲೋ ಅತ್ತೆಯ ಹೆಬ್ಬೆರಳಿನಿಂದಲೋ? ಬೆಳ್ಳಿಯ ಮೇಲೆ ಶತಮಾನಗಳಿಂದ ಕೂತ ಕಪ್ಪು ಪದರವೂ ಸಾಕ್ಷಿಯೇ, ಅದು ಪೂರ್ತಿ ಹೋಗಿತ್ತು. ಹಳೆಯ ನಾಣ್ಯ ಕೈಗೆ ಬಂದರೆ ತೊಳೆಯಬೇಡಿ, ಉಜ್ಜಬೇಡಿ. ತಾಮ್ರದ್ದಾದರಂತೂ ಮುಟ್ಟಲೇಬೇಡಿ.

ತಾಮ್ರದ ಮಾತು ಬಂದಿದ್ದಕ್ಕೆ ಹೇಳ್ತೀನಿ. ಸುದ್ದಿ ಹೇಗೋ ಹಬ್ಬಿ, ಯಳಂದೂರಿನ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹತ್ತಿರವೂ ರೋಮನ್ ತಾಮ್ರದ ನಾಣ್ಯ ಇದೆ ಅಂತ ಕರೆಸಿಕೊಂಡರು. ಕಪ್ಪಗಿನ ದಪ್ಪ ಬಿಲ್ಲೆ, 10.8 ಗ್ರಾಂ. ದಕ್ಷಿಣದಲ್ಲಿ ಸಿಗುವ ರೋಮನ್ ತಾಮ್ರದ ನಾಣ್ಯಗಳು ಬಹುತೇಕ 4, 5ನೇ ಶತಮಾನದ ಪುಟಾಣಿ ಕಾಸುಗಳು. ಕರೂರಿನ ಅಮರಾವತಿ ನದಿಯ ಮರಳಿನಲ್ಲಿ ಸಿಗುವಂಥವು, ಎರಡು ಗ್ರಾಂ ಆಸುಪಾಸು. ಅಲ್ಲಿಗೇ ಕಥೆ ಮುಗಿದಿತ್ತು, ಆದರೂ ಪಕ್ಕದಿಂದ ಟಾರ್ಚ್ ಬಿಟ್ಟೆ. ನಿಧಾನಕ್ಕೆ ಒಂದು ಆನೆ ಎದ್ದು ನಿಂತಿತು. ಟಿಪ್ಪುವಿನ ಕಾಲದ ಪೈಸೆ ಇರಬೇಕು. ಮೇಷ್ಟ್ರು ರೋಮ್ ಕಳಕೊಂಡದ್ದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ. "ಆನೆ ನಮ್ದೇ ಅಲ್ವೇನಪ್ಪ" ಅಂದರು.

ಚಿನ್ನದಂಗಡಿಯ ಯಂತ್ರ

ಕೊಳ್ಳೇಗಾಲದ ಒಂದು ಆಭರಣದಂಗಡಿಯಲ್ಲಿ ಎಕ್ಸ್‌-ರೇ ಬಿಟ್ಟು ಲೋಹದ ಪಾಲು ಹೇಳುವ ಯಂತ್ರ ಇದೆ. ವಿನಂತಿಸಿದಾಗ ಇಟ್ಟು ನೋಡಿದರು. ಬೆಳ್ಳಿ ಶೇ 96ರ ಆಸುಪಾಸು, ಉಳಿದದ್ದು ತಾಮ್ರ, ಚೂರು ಸೀಸ, ಚೂರು ಚಿನ್ನ. ಕೊನೆಯ ಎರಡು ಚೂರುಗಳೇ ಕುತೂಹಲದವು. ಹಳೆಯ ಕಾಲದಲ್ಲಿ ಸೀಸದ ಅದಿರಿನಿಂದ ಬೆಳ್ಳಿ ತೆಗೆಯುತ್ತಿದ್ದರು, ಅದರಲ್ಲಿ ಒಂದಿಷ್ಟು ಸೀಸ, ಒಂದಿಷ್ಟು ಚಿನ್ನ ಉಳಿದೇಬಿಡುತ್ತಿತ್ತು. ಇವತ್ತು ಕಾರ್ಖಾನೆಯಿಂದ ಬರುವ ಶುದ್ಧ ಬೆಳ್ಳಿಯಲ್ಲಿ ಅವು ಇರಲ್ಲ.

ಹಾಗಂತ ಕುಣಿಯುವ ಹಾಗಿಲ್ಲ. ಯಂತ್ರ ನೋಡುವುದು ಕೂದಲೆಳೆಗಿಂತ ತೆಳ್ಳಗಿನ ಮೇಲ್ಪದರವನ್ನು ಮಾತ್ರ. ಮಣ್ಣಿನಲ್ಲಿ ಶತಮಾನ ಇದ್ದ ಬೆಳ್ಳಿಯ ಮೇಲ್ಮೈಯಿಂದ ತಾಮ್ರ ಕರಗಿಹೋಗಿ ಒಳಗಿಗಿಂತ ಶುದ್ಧವಾಗಿ ಕಾಣುತ್ತೆ. ಜಾಣ ನಕಲಿಗಾರರು ಬೆಲೆಯಿಲ್ಲದ ಹಳೆಯ ಬೆಳ್ಳಿ ನಾಣ್ಯಗಳನ್ನೇ ಕರಗಿಸಿ ಆ ಲೋಹದಲ್ಲಿ ಹೊಸ ಅಚ್ಚು ಹೊಡೆಯುತ್ತಾರೆ. ಆದರೆ ಸಾಂದ್ರತೆ ಇಡೀ ನಾಣ್ಯದ ಲೆಕ್ಕ, ಕೊರೆತ ಒಳಗಿನ ಕಿಟಕಿ, ಯಂತ್ರ ಮೇಲ್ಮೈ. ಮೂರೂ ಒಂದೇ ಮಾತು ಹೇಳಿದಾಗ ಸುಳ್ಳಿಗೆ ಉಳಿಯುವ ಜಾಗ ಕಿರಿದಾಗುತ್ತೆ. ಪರಿಣತರ ಕೈಗೆ ಹೋದರೆ ಅವರು ಇನ್ನೊಂದು ಮಾಡುತ್ತಾರೆ, ಅಚ್ಚಿನ ಹೋಲಿಕೆ. ಒಂದು ಅಚ್ಚಿನಿಂದ ಸಾವಿರಾರು ನಾಣ್ಯ ಬಂದಿರುತ್ತೆ, ಅಚ್ಚು ಹೊಂದಿದರೆ ಒಳ್ಳೆಯದು. ಆದರೆ ಎರಡು ನಾಣ್ಯದಲ್ಲಿ ಅಚ್ಚಿನ ಜೊತೆಗೆ ಗೀರು, ಸವೆತ, ಅಂಚಿನ ಬಿರುಕು ಕೂಡ ಒಂದೇ ಇದ್ದರೆ ಎರಡರಲ್ಲಿ ಒಂದಾದರೂ ಎರಕದ ನಕಲು. ಗೀರುಗಳು ಅವಳಿ ಹುಟ್ಟಲ್ಲ.

ಮಾವನಿಗೆ ನಾನು ಹೇಳಿದ್ದು ಇಷ್ಟು: "ಸುಳ್ಳು ಅನ್ನೋಕೆ ನನಗೆ ಒಂದು ಕಾರಣವೂ ಸಿಗಲಿಲ್ಲ ಮಾವ. ನಿಜ ಅಂತ ಸಹಿ ಹಾಕೋಕೆ ನನ್ನ ಕೈಲಿ ಆಗಲ್ಲ." ಬೆಲೆಯನ್ನೂ ಹೇಳಿದೆ. ಇಷ್ಟು ಸವೆದ ಟೈಬೀರಿಯಸ್ ದಿನಾರಿಯಸ್ ಹೊರದೇಶದ ಹರಾಜಿನಲ್ಲಿ ಸಾಮಾನ್ಯವಾಗಿ ಕೆಲವು ನೂರು ಡಾಲರ್‌ಗೆ ಹೋಗುತ್ತೆ. 12 ಲಕ್ಷ ಯಾರೂ ಕೊಡಲ್ಲ. ಆ ಹರಾಜಿಗೆ ಕಳಿಸುವ ಹಾಗೂ ಇಲ್ಲ. 1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಾಚೆ ಕಳಿಸುವುದು ಅಪರಾಧ. ಇಟ್ಟುಕೊಳ್ಳುವುದು ಅಪರಾಧವಲ್ಲ, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ನಡೆಸುವ ಹಾಗಿಲ್ಲ.

ಸಿಕ್ಕಿದ್ದು ಎಲ್ಲಿ?

ನಾನು ಬಂದ ದಿನ ಮಾವ ಹೇಳಿದ್ದ ಕಥೆ ಹೀಗಿತ್ತು: ಕೊಳ್ಳೇಗಾಲ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ತಾತ ಹೊಲದಲ್ಲಿ ಬಾವಿ ತೋಡುವಾಗ ಸಿಕ್ಕ ಕಾಸು ಇದು. ಯಾವ ಹೊಲ, ಯಾವ ಬದು ಅಂತ ಕೂಡ ಕೈ ತೋರಿಸಿದ್ದರು. ನಾನು ಉತ್ಸಾಹದಲ್ಲಿ ನಿಧಿ ಕಾಯ್ದೆಯ ಬಗ್ಗೆ ಮಾತಾಡಿದೆ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ರಾಜ್ಯಕ್ಕೆ 1962ರದ್ದೇ ಕಾಯ್ದೆ ಇದೆ, ಅದಕ್ಕೂ ಮುಂಚೆ ತಾತನ ಕಾಲಕ್ಕೆ ಬ್ರಿಟಿಷರ 1878ರ ಕಾಯ್ದೆ ಇತ್ತು. ಮಾವನ ಮುಖ ಬದಲಾಯಿತು. ಸಂಜೆ ಕಾಫಿಯ ಹೊತ್ತಿಗೆ ಕಾಸಿನ ಮೂಲವೂ ಬದಲಾಗಿತ್ತು. "ಹೊಲದಲ್ಲಿ ಸಿಕ್ಕುದ್ದು ಅಂತ ಯಾರಂದ್ರು? ಅದು ಅವ್ವನ ತವರು ಮನೆದು, ತಾಳವಾಡಿಯಿಂದ ಬಂದದ್ದು ಕನಪ್ಪ."

ಯಾವುದು ನಿಜವೋ ನನಗೆ ಗೊತ್ತಾಗುವ ದಾರಿ ಅಲ್ಲಿಗೆ ಮುಚ್ಚಿತು. ಇದನ್ನೇ ನಾನು ಚಂದ್ರವಳ್ಳಿಗೆ ವಾಪಸ್ ಬರ್ತೀನಿ ಅಂದದ್ದು. ವೀಲರ್‌ಗೆ ಸಿಕ್ಕ ನಾಣ್ಯಕ್ಕೆ ಲೋಟ, ನೂಲು, ಎಕ್ಸ್‌-ರೇ ಯಾವುದೂ ಬೇಕಿರಲಿಲ್ಲ. ಅದು ಯಾವ ಪದರದಲ್ಲಿ, ಯಾವ ಮಡಕೆ ಚೂರಿನ ಪಕ್ಕದಲ್ಲಿ ಸಿಕ್ಕಿತು ಅನ್ನುವುದೇ ಅದರ ಅಸಲಿತನ. ಅಷ್ಟೇ ಅಲ್ಲ, ಆ ನಾಣ್ಯ ಪಕ್ಕದ ಮಡಕೆ ಚೂರುಗಳಿಗೂ ಕಾಲ ಹೇಳಿತು. ಮಾವನ ಕಾಸು ಹತ್ತು ಪರೀಕ್ಷೆ ಪಾಸಾದರೂ ಹನೂರಿನ ಇತಿಹಾಸದ ಬಗ್ಗೆ ಒಂದಕ್ಷರ ಹೇಳಲಾರದು, ಯಾಕಂದ್ರೆ ಹೇಳಬಲ್ಲ ಒಂದೇ ಮಾಹಿತಿಯನ್ನು ಭಯ ಅಳಿಸಿಹಾಕಿತು. ಆ ಭಯವನ್ನು ತಂದವನು ನಾನೇ.

ಮಾವನನ್ನು ಬೈಯುವುದು ಸುಲಭ. 1878ರ ಕಾಯ್ದೆ ಓದಿ ನೋಡಿ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವನು ತಿಳಿಸದಿದ್ದರೆ ಅವನ ಪಾಲು ಸರ್ಕಾರಕ್ಕೆ, ಜೊತೆಗೆ ಒಂದು ವರ್ಷದವರೆಗೆ ಜೈಲು. ತಿಳಿಸಿದರೆ? ಸರ್ಕಾರ ಅದನ್ನು ತಾನೇ ಇಟ್ಟುಕೊಳ್ಳಬಯಸಿದರೆ ಕೊಡಬೇಕಾದದ್ದು ಲೋಹದ ಬೆಲೆ, ಅದರ ಮೇಲೆ ಐದನೇ ಒಂದು ಭಾಗ. 3.62 ಗ್ರಾಂ ಬೆಳ್ಳಿಗೆ ಲೆಕ್ಕ ಹಾಕಿ, ಇವತ್ತಿನ ದರದಲ್ಲೂ ಕೆಲವು ನೂರು ರೂಪಾಯಿ. ಇದಕ್ಕಾಗಿ ತಾಲ್ಲೂಕು ಕಚೇರಿ, ಪೊಲೀಸ್ ಠಾಣೆ, ಜಿಲ್ಲಾ ಕೇಂದ್ರ ಅಂತ ಓಡಾಡಬೇಕು, ಹೊಲ ಅಗೆಯಲು ಬರುತ್ತಾರೆ ಅನ್ನುವ ಆತಂಕ ಬೇರೆ. ಅಕ್ಕಸಾಲಿಯ ಕುಲುಮೆ ಪ್ರಶ್ನೆ ಕೇಳಲ್ಲ. ಈ ದೇಶದಲ್ಲಿ ಎಷ್ಟು ರೋಮನ್ ಬೆಳ್ಳಿ ಕಾಲ್ಗಡಗವಾಗಿದೆಯೋ ಲೆಕ್ಕ ಇಟ್ಟವರಿಲ್ಲ.

ಬ್ರಿಟಿಷರು ನಮಗೆ ಈ ಕಾಯ್ದೆ ಕೊಟ್ಟರು, ಅವರ ದೇಶದಲ್ಲಿ ಬೇರೆಯೇ ಮಾಡಿಕೊಂಡರು. ಅಲ್ಲಿ 1996ರ ನಿಧಿ ಕಾಯ್ದೆಯಲ್ಲಿ ಸಿಕ್ಕವನಿಗೂ ಜಮೀನಿನವನಿಗೂ ಮಾರುಕಟ್ಟೆ ಬೆಲೆಯ ಬಹುಮಾನ ಇದೆ. 1997ರಲ್ಲಿ ಕೆಲವು ಕಡೆ ಮಾತ್ರ ಶುರುವಾಗಿ ಆಮೇಲೆ ಉಳಿದ ಕಡೆಗೂ ಹಬ್ಬಿದ ಒಂದು ವ್ಯವಸ್ಥೆಯಲ್ಲಿ ಸ್ಥಳೀಯ ಅಧಿಕಾರಿಗಳಿದ್ದಾರೆ. ಅವರ ಹತ್ತಿರ ವಸ್ತು ಒಯ್ದರೆ ಫೋಟೊ ತೆಗೆದು, ತೂಕ ಮಾಡಿ, ಎಲ್ಲಿ ಸಿಕ್ಕಿತು ಅಂತ ಬರೆದುಕೊಂಡು, ನಿಧಿಯ ವ್ಯಾಖ್ಯೆಗೆ ಬಾರದ್ದಾದರೆ ವಾಪಸ್ ಕೊಟ್ಟು ಕಳಿಸುತ್ತಾರೆ. ಹೀಗೆ ದಾಖಲಾದ ವಸ್ತುಗಳು 15 ಲಕ್ಷ ದಾಟಿವೆ. ಅಲ್ಲಿನ ವ್ಯವಸ್ಥೆಗೂ ಟೀಕಾಕಾರರಿದ್ದಾರೆ, ಮೆಟಲ್ ಡಿಟೆಕ್ಟರ್ ಹಿಡಿದವರಿಗೆ ಇದು ಪರವಾನಗಿಯಾಯ್ತು ಅಂತ. ಆದರೂ "ಎಲ್ಲಿ ಸಿಕ್ತು" ಅನ್ನುವ ಪ್ರಶ್ನೆಗೆ ಜನ ಅಲ್ಲಿ ಸುಳ್ಳು ಹೇಳಬೇಕಾದ ಒತ್ತಡ ಕಡಿಮೆ. ನಮ್ಮ ರಾಜ್ಯದ ಪುರಾತತ್ತ್ವ ಇಲಾಖೆ ಮೈಸೂರಿನಲ್ಲಿ ಕೂತಿದೆ. ಹನೂರಿನ ರೈತನೊಬ್ಬ ಒಂದು ಕಾಸು ಹಿಡಿದು, ಕೈಕೋಳದ ಭಯವಿಲ್ಲದೆ, ತಿಂಗಳಿಗೊಂದು ದಿನವಾದರೂ ತೋರಿಸಿಕೊಂಡು ಬರುವ ಒಂದು ಮೇಜು ಅವನ ತಾಲ್ಲೂಕಿನಲ್ಲಿ ಇರಬೇಕು. ಅದಕ್ಕೆ ಬೇಕಾದ ಸಲಕರಣೆಯ ಖರ್ಚು ನನ್ನ ಬ್ಯಾಗಿನಲ್ಲಿತ್ತು, ಒಂದು ಸಾವಿರ ರೂಪಾಯಿ ದಾಟಿರಲಿಲ್ಲ.

ಹೊರಡುವ ದಿನ ಮಾವ ಕಾಸನ್ನು ಮತ್ತೆ ಡಬ್ಬಿಗೆ ಹಾಕಿದರು. ಹಣ ಕೇಳಿದ್ದವನ ನಂಬರನ್ನು ಮಗಳು ಬ್ಲಾಕ್ ಮಾಡಿದ್ದಳು. ಓಲೆ ಅತ್ತೆಯ ಕಿವಿಯಲ್ಲೇ ಇತ್ತು, ಫೀಸಿಗೆ ಸ್ವಸಹಾಯ ಸಂಘದಲ್ಲಿ ಸಾಲ ಕೇಳಿದ್ದರು. ಬಸ್ ಸ್ಟ್ಯಾಂಡಿನವರೆಗೆ ಸ್ಕೂಟರಿನಲ್ಲಿ ಬಿಡಲು ಬಂದ ಮಾವನ ಮಗಳು, ಹೆಲ್ಮೆಟ್ ತೆಗೆಯದೆಯೇ, ನೋಟ್‌ಬುಕ್ಕಿನ ಆ ಪುಟದ ಫೋಟೊ ಕಳಿಸಿದ್ದೀನಿ ನೋಡು ಅಂದಳು. ಬಸ್ಸಿನಲ್ಲಿ ಕೂತು ತೆರೆದೆ. ತೂಕ, ಅಡ್ಡಳತೆ, ಹತ್ತು ಸಲದ ನೀರಿನ ಲೆಕ್ಕ, ಎಲ್ಲ ನೀಟಾಗಿತ್ತು. ಕೆಳಗೆ ಅವಳೇ ಒಂದು ಸಾಲು ಸೇರಿಸಿದ್ದಳು: ಸಿಕ್ಕಿದ ಜಾಗ. ಅದರ ಮುಂದೆ ಎರಡು ಊರಿನ ಹೆಸರು ಬರೆದು, ಎರಡಕ್ಕೂ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು.